ಪರ್ಚೇಸ್ ವಿಭಾಗದ ಬೇಟೆಗಾರ

ನಮ್ಮ ಅಜ್ಜನ ಹತ್ತಿರ ಒಂದು ಕೋವಿ ಇತ್ತು. ತೋಟಕ್ಕೆ ನುಗ್ಗುವ ಮಂಗಗಳನ್ನು ಹೆದರಿಸಲು ಅಂತ ಹೇಳುತ್ತಿದ್ದರು. ಅದು ಇನ್ನೇನೇನು ಮಾಡಿತ್ತೋ, ಅಜ್ಜಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಕೋವಿ ಅಟ್ಟ ಸೇರಿತು. ನಮ್ಮ ಮನೆಯ ಬೇಟೆ ಅಲ್ಲಿಗೆ ಮುಗಿಯಿತು ಅಂದುಕೊಂಡೇ ನಾನು ಬೆಂಗಳೂರಿನ ಆಫೀಸು ಸೇರಿದೆ. ಅಲ್ಲಿ ನೋಡಿದರೆ ದಿನಾ ಬೇಟೆ.

ಮೊದಲ ವಾರವೇ ಬಾಸ್ ಮೇಲ್ ಬಂತು: ‘ಚೇಸ್ ದಿ ವೆಂಡರ್.’ ಚೇಸ್ ಅಂದರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು, ನಾಯಿ ಬೈಕಿನ ಹಿಂದೆ ಓಡುವುದು. ಇನ್ನೊಂದು, 2011ರ ವಿಶ್ವಕಪ್ ಫೈನಲ್‌ನಲ್ಲಿ ನಮ್ಮವರು 275 ರನ್ನಿನ ಹಿಂದೆ ಓಡಿದ್ದು. ಸರಿ, ಓಡಬೇಕು ತಾನೇ? ಬೈಕ್ ಹತ್ತಿ ಸೀದಾ ಪೀಣ್ಯಕ್ಕೇ ಹೋದೆ. ಆ ಮನುಷ್ಯ ಗಾಬರಿಯಾಗಿ ಕಾಫಿ ತರಿಸಿದರು. ‘ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ ಸಾರ್’ ಎಂದರು. ವಾಪಸ್ ಬಂದ ಮೇಲೆ ಬಾಸ್ ಕೂಡ ಅದನ್ನೇ ಅಂದರು, ಕಾಫಿ ಇಲ್ಲದೆ.

ಆಮೇಲೆ ತಿಳಿಯಿತು, ‘ಪರ್ಚೇಸ್’ ಅನ್ನುವ ಪದದ ಹೊಟ್ಟೆಯಲ್ಲೇ ಚೇಸ್ ಕೂತಿದೆ. ಅದರ ಹಳೆಯ ಫ್ರೆಂಚ್ ಮೂಲಕ್ಕೆ ಬೆನ್ನಟ್ಟಿ ದಕ್ಕಿಸಿಕೊಳ್ಳುವುದು ಅಂತ ಅರ್ಥ. ನಾನಿದ್ದದ್ದೂ ಪರ್ಚೇಸ್ ವಿಭಾಗವೇ. ತಪ್ಪು ನನ್ನದಲ್ಲ, ಬಾಗಿಲ ಮೇಲಿನ ಬೋರ್ಡಿನದು.

ಒಂದು ದಿನ ಎಚ್‌ಆರ್‌ನವರು, ‘ಎದುರು ಕಂಪನಿಯವರು ನಮ್ಮ ಹುಡುಗರನ್ನ ಪೋಚ್ ಮಾಡ್ತಿದಾರೆ’ ಎಂದರು. ನನಗೆ ನೆನಪಾದದ್ದು ಮೊಟ್ಟೆ. (ಮೊಟ್ಟೆಯ ಪೋಚ್ ಬಂದದ್ದು ಫ್ರೆಂಚಿನ ‘ಚೀಲ’ದಿಂದ. ಬಿಳಿ ಭಾಗ ಹಳದಿಗೆ ಚೀಲದ ಹಾಗೆ ಸುತ್ತಿಕೊಳ್ಳುತ್ತದಲ್ಲ, ಹಾಗೆ.) ಕಳ್ಳಬೇಟೆಗೂ ಪೋಚ್ ಅಂತಾರೆ ಎಂದು ಗೊತ್ತಾದಾಗ ಸ್ವಲ್ಪ ಬೇಸರವೇ ಆಯಿತು. ನನ್ನನ್ನು ಕದಿಯಲು ಯಾರೂ ಬಂದಿರಲಿಲ್ಲ.

ಇಷ್ಟಾದ ಮೇಲೆ ಇಂಗ್ಲಿಷ್ ಸರಿಮಾಡಿಕೊಳ್ಳೋಣ ಅಂತ ನಿಘಂಟು ಹಿಡಿದೆ. ಎಡವಟ್ಟಾದದ್ದು ಅಲ್ಲೇ. ಫಾಲೋ: ಹಿಂಬಾಲಿಸು. ಪರ್ಸ್ಯೂ: ಹಿಂಬಾಲಿಸು. ಸ್ಟಾಕ್: ಸದ್ದಿಲ್ಲದೆ ಹಿಂಬಾಲಿಸು. ಆ ‘ಸದ್ದಿಲ್ಲದೆ’ ನನಗೆ ಬಹಳ ಸಭ್ಯವಾಗಿ ಕಂಡಿತು. ಮರುದಿನ ವಿಡಿಯೋ ಮೀಟಿಂಗಿನಲ್ಲಿ, ಬಿಲ್ಲು ಕಳಿಸದೆ ಸತಾಯಿಸುತ್ತಿದ್ದ ವೆಂಡರ್ ಕಡೆಯ ಮೇಡಂ ಬಗ್ಗೆ ಗಟ್ಟಿಯಾಗಿ ಹೇಳಿದೆ: ‘ಐ ಆಮ್ ಸ್ಟಾಕಿಂಗ್ ಹರ್ ಎವ್ರಿ ಡೇ.’

ಮೇಡಂ ಸ್ಕ್ರೀನಿನಲ್ಲೇ ಇದ್ದರು.

ರೂಮಿನಲ್ಲಿ ಫ್ಯಾನಿನ ಸದ್ದೊಂದೇ. ಪಕ್ಕದವನು ಪಿಸುಗುಟ್ಟಿದ: ‘ಅದಕ್ಕೆ 2013ರಿಂದ ಜೈಲಿದೆ ಕಣೋ.’ ಬಾಸ್ ಪಾಪ, ‘ಸ್ಟಾಕ್ ಬಗ್ಗೆ ಹೇಳ್ತಿದಾನೆ ಮೇಡಂ, ಗೋಡೌನ್ ಸ್ಟಾಕು’ ಎಂದು ಕಾಪಾಡಿದರು. ನನ್ನ ಉಚ್ಚಾರಣೆ ನನಗೆ ಉಪಕಾರ ಮಾಡಿದ್ದು ಅವತ್ತೊಂದೇ ದಿನ. ಬಿಲ್ಲು ಮಾತ್ರ ಸಂಜೆಯೊಳಗೆ ಬಂತು.

ಕನ್ನಡದಲ್ಲಿ ಇಷ್ಟು ತಾಪತ್ರಯವಿಲ್ಲ. ನಮ್ಮದೆಲ್ಲ ಬೆನ್ನಿನ ವ್ಯವಹಾರ: ಬೆನ್ನಟ್ಟು, ಬೆನ್ನು ಹತ್ತು, ಬೆನ್ನು ಬೀಳು. ಬೇಟೆಯನ್ನಂತೂ ನಾವು ‘ಆಡು’ತ್ತೇವೆ, ಲಗೋರಿ ಆಡಿದ ಹಾಗೆ.

ಕಳೆದ ಭಾನುವಾರ ಅಮ್ಮನ ಫೋನು. ‘ಬೆಳಿಗ್ಗೇನೇ ಎಲ್ಲಿಗೆ ಹೊರಟೆಯೋ?’

‘ಹೌಸ್ ಹಂಟಿಂಗ್ ಅಮ್ಮಾ.’

‘ಹಂಗಂದ್ರೆ?’

‘ಮನೆ ಬೇಟೆ.’

‘ಹುಷಾರು ಮಾರಾಯ. ಕೋವಿ ಇಲ್ಲೇ ಅಟ್ಟದ ಮೇಲಿದೆ.’

ಮೊದಲ ಮನೆಯ ಮಾಲೀಕರು ಗೇಟು ತೆಗೆಯದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಬ್ಯಾಚುಲರ್ರಾ? ವೆಜ್ಜಾ? ರಾತ್ರಿ ಎಷ್ಟೊತ್ತಿಗೆ ಬರ್ತೀರ? ನೀರು ಜಾಸ್ತಿ ಖರ್ಚು ಮಾಡ್ತೀರಾ? ಫ್ರೆಂಡ್ಸ್ ಬರ್ತಾರಾ? ಅಡ್ವಾನ್ಸ್ ಹತ್ತು ತಿಂಗಳದು, ಆಗುತ್ತಾ?’

ಅಜ್ಜ ಕಾಡುಹಂದಿಗೂ ಇಷ್ಟು ಪ್ರಶ್ನೆ ಕೇಳಿರಲಿಕ್ಕಿಲ್ಲ.