ಫ್ಯಾನಿಗೂ ಒಂದು ಫೋಟೋ ತೆಗಿ ಅಂದರು

ಇಲ್ಲ, ನನಗೆ ಇದು ಅರಗುತ್ತಲೇ ಇಲ್ಲ. ಈಗ ತಾನೇ ಆ ವಾಟ್ಸಾಪ್ ಮೆಸೇಜ್ ನೋಡಿದೆ. ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದೆ, ಪೊಟ್ಟಣ ಬಿಚ್ಚೋಕೂ ಮನಸ್ಸಿಲ್ಲ. "ಎಲ್ರ ಮುಖ ಎಣ್ಣೆ ಹಚ್ಚಿದಂಗೆ ಹೊಳಿತೈತಲ್ಲ ತಮ್ಮಾ, ಸ್ವಲ್ಪ ಡಲ್ ಮಾಡಿ ಕೊಡು." ಹೇಳ್ತಿರೋದು ಯಾರು? ನಾನು ಫೋಟೋ ತೆಗೆದ ಮದುವೆಯ ಸೋದರಮಾವ, ಅವರೇ! ನನ್ನ ಫ್ಲಾಶ್ ತಿರುಗಿಸಿದ ಕೈಯೇ ಈ ಮೆಸೇಜನ್ನೂ ಟೈಪ್ ಮಾಡಿದೆ.

ಸೋದರಮಾವ ಅಂದರೆ ಮದುವೆ ಮನೆಯಲ್ಲಿ ಅರ್ಧ ಯಜಮಾನ, ಒಪ್ಪಿದೆ. ನನ್ನ ಕ್ಯಾಮೆರಾಗೂ ಸೋದರಮಾವನಾ?

ಆರತಕ್ಷತೆ ನಡೀತಿತ್ತು. ಮುಯ್ಯಿ ಕವರ್ ಹಿಡಿದವರ ಸಾಲು ಊಟದ ಹಾಲ್ ಬಾಗಿಲು ಮುಟ್ಟಿತ್ತು. ಮಂಟಪದೊಳಗೆ ಕಾಲಿಟ್ಟ ತಕ್ಷಣ ನಾನು ನೋಡೋದು ಮದುಮಗಳನ್ನಲ್ಲ, ಸೀಲಿಂಗನ್ನು. ದಾವಣಗೆರೆಯ ಹದಡಿ ರಸ್ತೆ ಕಡೆಯ ಮಂಟಪಗಳಲ್ಲಿ ಯಾವುದರದ್ದು ಬಿಳಿ, ಯಾವುದಕ್ಕೆ ಗುಲಾಬಿ ಬಟ್ಟೆ ಕಟ್ಟಿರುತ್ತಾರೆ ಅಂತ ನನಗೆ ಬಾಯಿಪಾಠ. ಬಟ್ಟೆ ಕಟ್ಟಿದ್ದರೆ ವಾಪಸ್ ಬರೋ ಬೆಳಕೂ ಗುಲಾಬಿಯೇ, ಮದುಮಗನ ಬಿಳಿ ಪಂಚೆಯೂ ಗುಲಾಬಿಯೇ. ಈ ಮಂಟಪದ್ದು ಒಳ್ಳೇ ಬಿಳಿ ಪಿಒಪಿ, ಎತ್ತರವೂ ಜಾಸ್ತಿ ಇಲ್ಲ. ಸಿಕ್ಕಿದ್ದೇ ಪುಣ್ಯ ಅಂತ ಫ್ಲಾಶಿನ ತಲೆ ಮೇಲಕ್ಕೆತ್ತಿ, ಸ್ವಲ್ಪ ಹಿಂದಕ್ಕೆ ವಾಲಿಸಿ, ಒಳಗಿನ ಬಿಳಿ ಕಾರ್ಡ್ ಎಳೆದುಕೊಂಡು ಹೊಡೀತಿದ್ದೆ. ಇಡೀ ಸೀಲಿಂಗೇ ದೊಡ್ಡ ಲೈಟ್ ಆಗಿಬಿಡುತ್ತದೆ, ಬೆಳಕು ಮೆತ್ತಗೆ ಇಳಿಯುತ್ತದೆ. ಆ ಕಾರ್ಡ್ ಕಣ್ಣಿಗೆ ಒಂದು ಸಣ್ಣ ಮಿಂಚು ಕೊಡುತ್ತದೆ, ಇಲ್ಲದಿದ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಇದಕ್ಕೆ ಬೆಳಕು ಖರ್ಚಾಗುತ್ತದೆ, ನೇರ ಹೊಡೆದಾಗ ಸಿಗೋದರಲ್ಲಿ ಕಾಲುಭಾಗ, ಕೆಲವು ಸಲ ಎಂಟನೇ ಒಂದು ಭಾಗ. ಅದಕ್ಕೇ ಐಎಸ್‌ಒ (ಬೆಳಕು ಹಿಡಿಯೋ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸಿಕೊಂಡಿದ್ದೆ. ಬ್ಯಾಟರಿ ಹೋದರೂ ಹೋಗಲಿ, ಫೋಟೋ ಚೆನ್ನಾಗಿ ಬರಲಿ ಅಂತ.

ಅಷ್ಟರಲ್ಲಿ ಹಿಂದಿನಿಂದ ಸೋದರಮಾವ: "ಏ ತಮ್ಮಾ, ಏನ್ ಮೇಲೆ ಹೊಡಿತಿ? ಫ್ಯಾನಿಂದಾ ಮದುವಿ?"

ನಾನು ನಕ್ಕೆ. ಹೌದು, ನಕ್ಕೆ. "ಯಜಮಾನ್ರೇ, ಅದು ಬೌನ್ಸು, ಬೆಳಕು ಮೇಲಿಂದ ವಾಪಸ್ ಬರುತ್ತೆ" ಅಂದೆ. ಅವರು ಸಾಲಿನ ಕಡೆ ತಿರುಗಿ, ಕೈ ಬೀಸಿ, ಎಲ್ಲರಿಗೂ ಕೇಳೋ ಹಾಗೆ, "ದುಡ್ಡು ಕೊಟ್ಟಿರೋದು ನಾವು, ಬೆಳಕು ಫ್ಯಾನಿಗೆ! ಹಂಗಾರೆ ಫ್ಯಾನಿಗೂ ಒಂದು ಫೋಟೋ ತೆಗಿ!" ಅಂದರು. ಇಡೀ ಸಾಲು ನಕ್ಕಿತು. ವಿಡಿಯೋದವನು ನಕ್ಕ. ಮದುಮಗಳೂ ನಕ್ಕಳು. ನಗು ಮಾತ್ರ ಚೆನ್ನಾಗಿ ಬಂದಿದೆ, ಆ ಒಂದು ಫ್ರೇಮ್ ಆಲ್ಬಂಗೆ ಹಾಕ್ತೀನಿ.

ಅಲ್ಲಿಗೇ ಬಿಟ್ಟಿದ್ದರೆ ನಾನೂ ಬಿಡ್ತಿದ್ದೆ. ಸ್ಟೇಜ್ ಹತ್ತಿ ಬಂದು, ಕ್ಯಾಮೆರಾ ನನ್ನ ಕೈಯಲ್ಲಿ ಇದ್ದ ಹಾಗೇ, ಫ್ಲಾಶಿನ ತಲೆ ಹಿಡಿದು ಕೆಳಕ್ಕೆ ಬಗ್ಗಿಸಿದರು. ಟಕ್, ಟಕ್, ಟಕ್. ಒಂದೊಂದು ಹಲ್ಲು ಜಾರಿದ ಸದ್ದೂ ಕೇಳಿಸ್ತು. ಆ ಬಿಳಿ ಕಾರ್ಡನ್ನು ಹೆಬ್ಬೆರಳಲ್ಲಿ ಒಳಕ್ಕೆ ತಳ್ಳಿದರು. ಆಮೇಲೆ ನನ್ನ ಭುಜ ತಟ್ಟಿ "ಹಾಂ, ಈಗ ಹೊಡಿ" ಅಂದರು. ಮಗುವಿಗೆ ಸ್ವೆಟರ್ ಸರಿ ಮಾಡೋ ಹಾಗೆ. ಅಷ್ಟು ಪ್ರೀತಿಯಿಂದ ಮಾಡಿದರಲ್ಲ, ಅದೇ ಉರಿ.

ಹೊಡೆದೆ. ಹಣೆಯ ವಿಭೂತಿ ಬಿಳಿ ತೂತಾಯಿತು. ಬೆವರಿದ ಮೂಗು ಫಳಫಳ. ರೇಷ್ಮೆ ಸೀರೆಯ ಜರಿ ಸುಟ್ಟುಹೋಯಿತು. ಹಿಂದಿನ ಫ್ಲೆಕ್ಸ್ ಮೇಲೆ ಇಬ್ಬರ ತಲೆಯದ್ದೂ ಕಪ್ಪು ನೆರಳು. ನನ್ನಿಂದ 12 ಅಡಿ ದೂರದಲ್ಲಿ ಕೂತಿದ್ದ ಅಜ್ಜಿಗೆ, 6 ಅಡಿಯಲ್ಲಿ ನಿಂತವರಿಗೆ ಬಿದ್ದ ಬೆಳಕಿನ ಕಾಲುಭಾಗ ಮಾತ್ರ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಇದು ನಾನು ಮಾಡಿದ ಕಾನೂನಲ್ಲ. ಅಜ್ಜಿ ಕತ್ತಲಲ್ಲೇ ಆಶೀರ್ವಾದ ಮಾಡ್ತಿದ್ದಾರೆ.

ಅವರು ಸ್ಕ್ರೀನ್ ನೋಡಿ, "ನೋಡು, ಈಗ ಬಂತು ಲೈಟು!" ಅಂದರು.

ಸಾಲಿನಲ್ಲಿದ್ದ ಒಬ್ಬ ಹುಡುಗ, ಇಂಜಿನಿಯರಿಂಗ್ ಇರಬೇಕು, "ಅಣ್ಣಾ, ಡಿಫ್ಯೂಸರ್ ಹಾಕ್ಕೊಳ್ಳಿ, ಆನ್‌ಲೈನಲ್ಲಿ ಸಿಗುತ್ತೆ" ಅಂತ ಸಲಹೆ ಬೇರೆ. ಬ್ಯಾಗಲ್ಲಿದೆ ಮಾರಾಯ! ಆ ಬಿಳಿ ಪ್ಲಾಸ್ಟಿಕ್ ಟೋಪಿ ಸುಮ್ನೆ ಹಾಕಿದ ಮಾತ್ರಕ್ಕೆ ಬೆಳಕು ಮೆತ್ತಗಾಗಲ್ಲ. ಬೆಳಕಿನ ಮೂಲ ದೊಡ್ಡದಾದರೆ ಮಾತ್ರ ನೆರಳಿನ ಅಂಚು ಕರಗುತ್ತದೆ, ಟೋಪಿ ಫ್ಲಾಶಿಗಿಂತ ಎಷ್ಟು ದೊಡ್ಡದು? ಮಂಟಪದೊಳಗಾದರೆ ಅದು ಬೆಳಕನ್ನು ಸುತ್ತಲೂ ಚೆಲ್ಲಿ ಗೋಡೆಗೆ ಹೊಡೆಸುತ್ತದೆ, ಕೆಲಸ ಮಾಡೋದು ಗೋಡೆ, ಹೆಸರು ಟೋಪಿಗೆ. ಬಯಲಲ್ಲಿ ಅದು ಬ್ಯಾಟರಿ ತಿನ್ನುತ್ತೆ ಅಷ್ಟೇ. ನಿಜವಾಗಿ ಬೇಕಾದರೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆಯಂಥ ದೊಡ್ಡ ಸಾಫ್ಟ್‌ಬಾಕ್ಸ್ ಇಡಬೇಕು. ಆ ಸ್ಟೇಜಲ್ಲಿ ನನಗೆ ನಿಲ್ಲೋಕೇ ಜಾಗ ಇರಲಿಲ್ಲ.

ನೇರ ಹೊಡೆಯೋದೇ ಪಾಪ ಅಂತ ನಾನು ಹೇಳ್ತಿಲ್ಲ. ರಾತ್ರಿ ಮೆರವಣಿಗೆಯಲ್ಲಿ ನಾನೂ ನೇರವಾಗೇ ಹೊಡೀತೀನಿ, ಆಕಾಶಕ್ಕೆ ಹೊಡೆದರೆ ಯಾರು ವಾಪಸ್ ಕೊಡ್ತಾರೆ? ಈಗ ಬೆಂಗಳೂರಿನ ಹುಡುಗರು ಅದೇ ಬೇಕು ಅಂತ ಕೇಳಿ ತೆಗೆಸಿಕೊಳ್ತಾರೆ, ಫ್ಯಾಷನ್ ಅಂತೆ. 1930-40ರ ದಶಕಗಳಲ್ಲಿ ನ್ಯೂಯಾರ್ಕಿನಲ್ಲಿ ವೀಜಿ ಅನ್ನೋ ಪತ್ರಿಕಾ ಫೋಟೋಗ್ರಾಫರ್ ನೇರ ಫ್ಲಾಶ್ ಹೊಡೆದೇ ಹೆಸರು ಮಾಡಿದ. ಆದರೆ ಆತ ತೆಗೀತಿದ್ದದ್ದು ಕೊಲೆ, ಬೆಂಕಿ, ಅಪಘಾತ. ಇದು ಮದುವೆ ಸ್ವಾಮಿ!

ಹೋಗಲಿ ಬಿಡಿ. ದುಡ್ಡು ಅವರದ್ದು, ಹಣೆ ಅವರದ್ದು, ಹೊಳಪೂ ಅವರದ್ದೇ. ನನಗೇನು? ಏನಿಲ್ಲ ಅಂದುಕೊಂಡೇ ಮಲಗಿದೆ, ನಿದ್ದೆ ಬರಲಿಲ್ಲ. ಸೀಲಿಂಗ್ ನೋಡ್ತಾ ಬಿದ್ದಿದ್ದೆ, ನಮ್ಮ ಮನೆಯದ್ದೂ ಒಳ್ಳೇ ಬಿಳಿ. ಹೀಗಾಯ್ತು ನೋಡಿ ನನ್ನ ಬಾಳು.

ಆದರೂ ಯಾರಾದರೂ ಹೇಳಿ, ಅಡುಗೆ ಭಟ್ಟರ ಹತ್ತಿರ ಹೋಗಿ ಯಾರಾದ್ರೂ ಸೌಟು ಕಿತ್ಕೊಳ್ತಾರಾ? ಅಯ್ಯನವರ ಮಂತ್ರ ಯಾರಾದ್ರೂ ತಿದ್ದುತ್ತಾರಾ? ಫೋಟೋದವನ ಕೈಗೆ ಮಾತ್ರ ಯಾಕೆ ಎಲ್ಲರೂ ಕೈ ಹಾಕ್ತಾರೆ?

ಈಗ "ಡಲ್ ಮಾಡು" ಅಂತೆ. ಸುಟ್ಟುಹೋದ ಬಿಳಿಯಲ್ಲಿ ಏನೂ ಉಳಿದಿರಲ್ಲ, ಕ್ಯಾಮೆರಾದ ಮೂಲ ರಾ ಫೈಲ್ ಆದರೂ ಅಷ್ಟೇ, ಡಲ್ ಮಾಡಿದರೆ ಬೂದಿ ಬಣ್ಣ ಬರುತ್ತದೆ. ಅವರು ಬಗ್ಗಿಸೋದಕ್ಕೆ ಮುಂಚಿನ ಫೋಟೋಗಳು ಎಷ್ಟು ಚೆನ್ನಾಗಿವೆ ಗೊತ್ತಾ? ಅವನ್ನೂ ಕಳಿಸಿದ್ದೆ. ಅದಕ್ಕೆ ಬಂದ ಉತ್ತರ: "ಇವು ಪರವಾಗಿಲ್ಲ, ನಾನು ಹೇಳಿದ ಮೇಲೆ ತೆಗೆದವು ಅಲ್ವಾ?"

ಬ್ಯಾಲೆನ್ಸ್ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಹರಿಹರದಲ್ಲಿ ಅವರದ್ದೇ ಇನ್ನೊಂದು ಕಾರ್ಯ ಇದೆಯಂತೆ, ಅದಕ್ಕೂ ನಾನೇ ಬರಬೇಕಂತೆ. ಹೂಂ ಅಂದಿದ್ದೇನೆ. ಬಯ್ಯದೆ ಉತ್ತರ ಬರೆಯೋಕೆ ಬರೋರು ಯಾರಾದರೂ ಇದ್ದರೆ ಎರಡು ಸಾಲು ಬರೆದುಕೊಡಿ, ನಾನು ಟೈಪ್ ಮಾಡಿದ್ದೆಲ್ಲ ಅಳಿಸ್ತಾನೇ ಇದ್ದೀನಿ.