ಅಪ್ಪಟ ಸ್ವಂತ ಆ್ಯಪ್

ನಾವೊಂದು ಆ್ಯಪ್ ಮಾಡಿದ್ದೇವೆ. ಅಪ್ಪಟ ಸ್ವಂತದ್ದು. ಲಾಗಿನ್ ಒಂದು ಕಂಪನಿಯದು, ಮ್ಯಾಪ್ ಇನ್ನೊಂದರದು, ಒಟಿಪಿ ಕಳಿಸುವವರು ಮತ್ತೊಬ್ಬರು, ಡೇಟಾ ಇರುವುದು ಯಾರದೋ ಸರ್ವರ್‌ನಲ್ಲಿ. ಬಣ್ಣ ಮಾತ್ರ ನಾವೇ ಆರಿಸಿದ್ದು.

ಶುರುವಿನಲ್ಲಿ ಎಲ್ಲವೂ ಫ್ರೀ. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ಕಂಡಕಂಡ ಸರ್ವಿಸ್‌ಗೆಲ್ಲ ಸೈನ್ ಅಪ್ ಆದೆವು. ಆಮೇಲೆ ಜನ ಬರತೊಡಗಿದರು. ಹೊಸಬರು ಬಂದಷ್ಟೂ ಮಾರ್ಕೆಟಿಂಗ್‌ನವರು ಚಪ್ಪಾಳೆ ತಟ್ಟುತ್ತಾರೆ, ಅಕೌಂಟ್ಸ್‌ನವರು ಬೆವರು ಒರೆಸಿಕೊಳ್ಳುತ್ತಾರೆ. 2018ರಲ್ಲಿ ಗೂಗಲ್ ಮ್ಯಾಪ್ಸ್ ದರ ಬದಲಾಯಿಸಿತಲ್ಲ, ಅದುವರೆಗೆ ದಿನಕ್ಕೆ 25,000 ಸಲ ಮ್ಯಾಪ್ ತೆರೆಯುವುದು ಫ್ರೀ ಇತ್ತು. ಆಮೇಲೆ ಸುಮಾರು 28,000. ಜಾಸ್ತಿಯೇ ಆಯಿತು, ಅಲ್ವಾ? ತಿಂಗಳಿಗೆ, ಅಷ್ಟೇ.

ನಮ್ಮ ಹುಡುಗರು ಮೊದಲು ಕೋಡ್ ಬರೆಯುತ್ತಿದ್ದರು. ಈಗ ಆ ಕಂಪನಿಗಳಿಗೆ ಸಪೋರ್ಟ್ ಟಿಕೆಟ್ ಬರೆಯುತ್ತಾರೆ. ಮೂರು ದಿನದ ಮೇಲೆ ಉತ್ತರ ಬರುತ್ತದೆ. ಅದರ ತಾತ್ಪರ್ಯ: ನಿಮ್ಮ ಪ್ಲಾನ್‌ನಲ್ಲಿ ಮನುಷ್ಯರು ಸೇರಿಲ್ಲ.

ಸ್ವಂತಕ್ಕೆ ಬರೆದುಕೊಳ್ಳಬಾರದೇ ಎಂದು ಕೇಳಬೇಡಿ. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವ 'ಲೆಫ್ಟ್-ಪ್ಯಾಡ್' ಬರೀ 11 ಸಾಲಿನ ಕೋಡ್. ಅದನ್ನೂ ಜಗತ್ತು ಕಡ ತಂದಿತ್ತು. 2016ರ ಮಾರ್ಚ್‌ನಲ್ಲಿ ಬರೆದವರು ಮುನಿಸಿಕೊಂಡು ಅದನ್ನು ಎಲ್ಲರೂ ಎತ್ತಿಕೊಳ್ಳುವ ಆನ್‌ಲೈನ್ ಉಗ್ರಾಣದಿಂದ ತೆಗೆದರು. ದೊಡ್ಡ ದೊಡ್ಡವರ ಆ್ಯಪ್ ಕಟ್ಟುವ ಕೆಲಸ ಅಲ್ಲೇ ನಿಂತಿತು.

ಬಾಡಿಗೆಗೆ ಕೊಡುವವರ ಕಥೆಯೂ ಅಷ್ಟೇ. 2017ರ ಫೆಬ್ರವರಿ 28ರಂದು ಊರವರ ಡೇಟಾ ಇಟ್ಟುಕೊಳ್ಳುವ ಅಮೆಜಾನ್‌ನ ಎಸ್3 ಸರ್ವಿಸ್ ಕುಸಿಯಿತು. ಒಂದು ಕಮಾಂಡ್ ಟೈಪ್ ಮಾಡುವಾಗ ಆದ ತಪ್ಪು. ಕುಸಿದಿದೆ ಎಂದು ತಿಳಿಸಬೇಕಾದ ಸ್ಟೇಟಸ್ ಪುಟ ಅಪ್‌ಡೇಟ್ ಆಗಲೊಲ್ಲದು. ಯಾಕೆಂದರೆ ಅದೂ ಎಸ್3 ಮೇಲೇ ನಿಂತಿತ್ತು! ಬೆಂಕಿ ಬಿದ್ದಾಗ ಬಾರಿಸುವ ಗಂಟೆಯನ್ನೇ ಸೌದೆ ಕೊಟ್ಟಿಗೆಯಲ್ಲಿ ನೇತುಹಾಕಿದ್ದರು. ಕಡೆಗೆ ಸುದ್ದಿ ಹೇಳಿದ್ದು ಟ್ವಿಟರ್‌ನಲ್ಲಿ. ಅಂದರೆ, ಇನ್ನೊಬ್ಬರ ಜಗುಲಿಯಲ್ಲಿ.

ಇನ್ನು ಸರ್ವಿಸ್ ಮುಚ್ಚುವ ಇಮೇಲ್‌ಗಳು. ಆ್ಯಪ್‌ಗಳ ಡೇಟಾ, ಲಾಗಿನ್ ನೋಡಿಕೊಳ್ಳುತ್ತಿದ್ದ, ಫೇಸ್‌ಬುಕ್ 2013ರಲ್ಲಿ ಕೊಂಡ ಪಾರ್ಸ್ ಎಂಬ ಸರ್ವಿಸ್ 2017ರ ಜನವರಿಯಲ್ಲಿ ಮುಚ್ಚಿತು. ಪಾಪ, ಒಂದು ವರ್ಷ ಮೊದಲೇ ಹೇಳಿದ್ದರು. ನಮಗೆ ಬರುವ ಇಮೇಲ್‌ಗಳು ಮೂವತ್ತು ದಿನ ಕೊಡುತ್ತವೆ, ಜೊತೆಗೊಂದು ನಗುವ ಇಮೋಜಿ.

ಕಳೆದ ವಾರ ನಮ್ಮ ಒಟಿಪಿಯವರ ಸರ್ವರ್ ಮಲಗಿತು. ಗ್ರಾಹಕರೊಬ್ಬರು ಫೋನ್ ಮಾಡಿ, "ಏನ್ರೀ, ನಿಮ್ಮ ಆ್ಯಪ್ ಕೆಟ್ಟಿದೆ" ಎಂದು ರೇಗಿದರು. ಅದನ್ನು ನಮ್ಮದು ಎಂದು ಹೊರಗಿನವರೊಬ್ಬರು ಒಪ್ಪಿಕೊಂಡಿದ್ದು ಅದೇ ಮೊದಲು.