ನೀಲಿ ಚೀಟಿ, ಕೆಂಪು ಚೀಟಿ

ನಿನ್ನೆ ರಾತ್ರಿಯ ಸಿಟ್ಟು ಬೆಳಗಾದರೂ ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಬೆಂಗಳೂರಿಂದ ಬಂದ ಗೆಳೆಯರಿಗೆ ಅಂತ ಸ್ಪೇನಿನ ವೈನ್ ನಾಡು ರಿಯೋಹಾದಲ್ಲಿರುವ ನಮ್ಮ ಲೊಗ್ರೋನ್ಯೊ ಕಡೆಯ ಪಟಾಟಾಸ್ ಆ ಲಾ ರಿಯೋಹಾನಾ ಅನ್ನುವ ಆಲೂಗಡ್ಡೆ ಸಾರು ಮಾಡಿದ್ದೆ. ಆಲೂಗಡ್ಡೆಯನ್ನು ಅರ್ಧ ಕೊಯ್ದು ಇನ್ನರ್ಧ ಕೈಯಲ್ಲಿ ಮುರಿದು ಹಾಕಬೇಕು, ಆಗಲೇ ಗಂಜಿ ಬಿಟ್ಟುಕೊಂಡು ರಸ ಮಂದವಾಗೋದು. ಅದಕ್ಕೆ ಚೊರೀಥೊ ಅನ್ನುವ ಹಂದಿಮಾಂಸದ ಸಾಸೇಜು. ಜೊತೆಗೆ ರಿಯೋಹಾದ ಒಂದು ಕ್ರಿಯಾಂಥಾ ವೈನ್ ತೆರೆದಿಟ್ಟಿದ್ದೆ. ಗೆಳೆಯ ಬಾಟಲಿ ತಿರುಗಿಸಿ ನೋಡಿ, "ಇದು ಬರೀ ಎರಡು ವರ್ಷದ್ದೇನೋ?" ಅಂದ. ಲೋಟ ಪಕ್ಕಕ್ಕೆ ತಳ್ಳಿ, ಮಧ್ಯಾಹ್ನವೆಲ್ಲ ಕಾರಿನ ಬಿಸಿಯಲ್ಲಿ ಕೂತಿದ್ದ ತನ್ನ ಗ್ರಾನ್ ರೆಸೆರ್ವಾ ವೈನ್ ಬಾಟಲಿ ಬಿಚ್ಚಿದ.

ರಿಯೋಹಾದ ಕೆಂಪು ವೈನ್ ಬಾಟಲಿಯ ಹಿಂದೆ ಪುಟ್ಟ ಚೀಟಿ ಇರುತ್ತೆ. ಕ್ರಿಯಾಂಥಾಕ್ಕೆ ಕೆಂಪು: ಒಟ್ಟು 2 ವರ್ಷ, ಅದರಲ್ಲಿ ಕನಿಷ್ಠ 1 ವರ್ಷ ಓಕ್ ಪೀಪಾಯಿಯಲ್ಲಿ. ಗ್ರಾನ್ ರೆಸೆರ್ವಾಕ್ಕೆ ನೀಲಿ: ಒಟ್ಟು 5 ವರ್ಷ, ಪೀಪಾಯಿಯಲ್ಲಿ ಕನಿಷ್ಠ 2, ಬಾಟಲಿಯಲ್ಲಿ ಕನಿಷ್ಠ 2. ನಡುವೆ ರೆಸೆರ್ವಾ, 3 ವರ್ಷ. ಇದು ವೈನನ್ನು ಮಾಗಲು ಬಿಟ್ಟ ಕಾಲದ ಲೆಕ್ಕ. ಇದನ್ನು ಪರೀಕ್ಷೆಯ ಅಂಕಪಟ್ಟಿಯ ಹಾಗೆ ಓದುವವರನ್ನು ಕಂಡರೆ ನನಗೆ ತಡೆಯೋಕಾಗಲ್ಲ.

ಈ ವೈನಿನ ಮುಖ್ಯ ದ್ರಾಕ್ಷಿ ಟೆಂಪ್ರನಿಯೊ. ಅದರ ಹೆಸರೇ 'ತೆಂಪ್ರಾನೊ', ಅಂದರೆ 'ಬೇಗ', ಅನ್ನುವ ಮಾತಿನಿಂದ ಬಂದದ್ದು. ಸ್ಪೇನಿನ ಹಲವು ಕೆಂಪು ದ್ರಾಕ್ಷಿ ಜಾತಿಗಳಿಗಿಂತ ಮೊದಲೇ ಹಣ್ಣಾಗುತ್ತೆ. ಕ್ರಿಯಾಂಥಾದಲ್ಲಿ ಆ ಹಣ್ಣು ಇನ್ನೂ ಬದುಕಿರುತ್ತೆ. ಚೆರ್ರಿಯ ಹುಳಿ, ನಾಲಿಗೆಯ ಅಂಚು ಹಿಡಿಯುವ ಹಿತವಾದ ಒಗರು, ಅಮೆರಿಕದ ಓಕ್ ಪೀಪಾಯಿ ಆದರೆ ವೆನಿಲಾ, ತೆಂಗಿನ ಸಣ್ಣ ಘಮ. ಚೊರೀಥೊದ ಜಿಡ್ಡನ್ನು ಕತ್ತರಿಸಲು ಬೇಕಾದದ್ದು ಆ ಹುಳಿ, ಆ ಒಗರು. ದ್ರಾಕ್ಷಿಯ ಒಣಕಡ್ಡಿ ಉರಿಸಿ, ಅದರ ಕೆಂಡದ ಮೇಲೆ ಸುಟ್ಟ ಎಳೆ ಕುರಿಮರಿಯ ಪಕ್ಕೆಲುಬಿಗೂ ಅಷ್ಟೇ. ಇಲ್ಲಿನ ಲೌರೆಲ್ ಬೀದಿಯಲ್ಲಿ ನಿಂತುಕೊಂಡೇ ಬೆಳ್ಳುಳ್ಳಿ ಹಾಕಿ ಬೇಯಿಸಿದ ಅಣಬೆ ತಿನ್ನುವವರ ಕೈ ನೋಡಿ. ಎಷ್ಟೋ ಲೋಟಗಳಲ್ಲಿ ಇರೋದು ಕ್ರಿಯಾಂಥಾನೇ.

"ಐದು ವರ್ಷ ಮಾಗಿಸಿದ್ದು ಸುಮ್ಮನೇನಾ? ಹೆಚ್ಚು ದುಡ್ಡು ಕೊಡ್ತೀವಲ್ಲ?" ಅಂದ ಗೆಳೆಯ. ಮಾಗಿಸೋಕೆ ಖರ್ಚಿದೆ, ಒಪ್ಪಿದೆ. ಆದರೆ ಆ ಖರ್ಚಿನಿಂದ ನಿಮ್ಮ ತಟ್ಟೆಯಲ್ಲಿರೋದು ಬದಲಾಗುತ್ತಾ? ಗ್ರಾನ್ ರೆಸೆರ್ವಾದಲ್ಲಿ ಹಣ್ಣು ಹಿಂದೆ ಸರಿದು ಚರ್ಮ, ತಂಬಾಕು, ಒಣ ಅಂಜೂರದ ವಾಸನೆ ಮುಂದೆ ಬಂದಿರುತ್ತೆ. ಒಗರು ಕರಗಿ ಮೆತ್ತಗಾಗಿರುತ್ತೆ. ಅದಕ್ಕೆ ಬೇಕಾದದ್ದು ಒಲೆಯಲ್ಲಿ ಗಂಟೆಗಟ್ಟಲೆ ಮೆಲ್ಲಗೆ ಬೆಂದ ಕುರಿಮಾಂಸ, ಹಳೆಯ ಮಾಂಚೆಗೊ ಚೀಸ್. ಹೊಗೆ, ಜಿಡ್ಡು, ಖಾರ ಇದ್ದ ತಟ್ಟೆ ಮುಂದೆ ಅದು ಮಾತೇ ಆಡಲ್ಲ. ಅದೂ ಬಿಸಿಯಾಗಿದ್ದರೆ ಮೂಗಿಗೆ ಬರೋದು ಬರೀ ಆಲ್ಕೊಹಾಲು. 16ರಿಂದ 18 ಡಿಗ್ರಿ ಸಾಕು. ಬೇಸಗೆಯಲ್ಲಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟರೆ ಏನೂ ಅಪಚಾರ ಆಗಲ್ಲ. ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನೋ ಮಾತು ತಣ್ಣನೆಯ ಹಳೆಯ ಮನೆಗಳ ಕಾಲದ್ದು.

ಇಷ್ಟು ಸಿಟ್ಟು ಯಾಕೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೇನೆ. ಇಲ್ಲಿಗೆ ಬಂದ ಮೊದಲ ವರ್ಷ, ಹೊಸತೊಡಕಿನ ದಿನ, ಒಬ್ಬಳೇ. ಅಮ್ಮ ಕಳಿಸಿದ ಖಾರದಪುಡಿ ಸುರಿದು ಮಟನ್ ಸಾರು ಮಾಡಿ, ತಿಂಗಳ ಸಂಬಳದಲ್ಲಿ ಉಳಿಸಿದ ದುಡ್ಡಿನ ಗ್ರಾನ್ ರೆಸೆರ್ವಾ ತೆರೆದೆ. ಖಾರಕ್ಕೆ ವೈನ್ ಸುಟ್ಟ ಹಾಗೆ ಕಹಿಯಾಯಿತು. ಕೆಟ್ಟಿದೆ ಅಂದುಕೊಂಡು ಅರ್ಧ ಬಾಟಲಿ ಸಿಂಕಿಗೆ ಸುರಿದೆ. ಕೆಟ್ಟಿರಲಿಲ್ಲ. ಯಾರೋ ಐದು ವರ್ಷ ಕಾದಿದ್ದನ್ನು ನಾನು ಐದು ನಿಮಿಷದಲ್ಲಿ ಚೆಲ್ಲಿದ್ದೆ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಈಗ ಹೊಸತೊಡಕಿಗೆ ಮೆಣಸಿನಕಾಯಿ ಇಳಿಸಿ, ಧನಿಯ ಏರಿಸಿ, ಸ್ವಲ್ಪ ತಣ್ಣಗಿನ ಕ್ರಿಯಾಂಥಾ ಇಡುತ್ತೇನೆ. ಒಗ್ಗುತ್ತೆ.

ನಿನ್ನೆಯ ನೀಲಿ ಚೀಟಿಯ ಬಾಟಲಿಯಲ್ಲಿ ಅರ್ಧ ಉಳಿದಿದೆ. ಬಿರಡೆ ಒತ್ತಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಕುರಿಯ ತೊಡೆ ತಂದಾಯಿತು. ಉಪ್ಪು, ಬೆಳ್ಳುಳ್ಳಿ ಬಿಟ್ಟು ಬೇರೇನೂ ಹಾಕಲ್ಲ. ಸಂಜೆ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸುತ್ತೇನೆ.